ಈಶಾನ್ಯದ ಗೋಡೆಯ ಕೆಂಪು ಗೆರೆ

ಹೆಬ್ಬಾಳದ ಫ್ಲೈಓವರ್ ದಾಟಿದ ಮೇಲೆ ಸಿಗುವ ದೊಡ್ಡ ಹೋಟೆಲೊಂದರಲ್ಲಿ ನಮ್ಮ ವಿಮಾನ ಕಂಪನಿಯ ವಾರ್ಷಿಕ ಸಭೆ ನಡೆಯುತ್ತಿತ್ತು. ಕಂಪನಿಯೆಂದರೆ ದೊಡ್ಡದೇನಲ್ಲ. ರೆಕ್ಕೆಗೆ ಫ್ಯಾನು ಸಿಕ್ಕಿಸಿದಂತೆ ಕಾಣುವ, ಹಾರುವಾಗ ಹಿಟ್ಟಿನ ಗಿರಣಿಯಂತೆ ಸದ್ದು ಮಾಡುವ ಕೆಲವು ಪ್ರೊಪೆಲ್ಲರ್ ವಿಮಾನಗಳು, ಅಷ್ಟೆ. ಬೆಂಗಳೂರಿನಿಂದ ಹೊರಟು ರಾಜ್ಯದ ಹತ್ತಾರು ಊರುಗಳನ್ನು ಮುಟ್ಟಿ ಸಂಜೆಗೆ ವಾಪಸು ಬರುವ ಆಕಾಶದ ಬಸ್ಸುಗಳು. ಆದರೆ ಸಭೆಯ ವೈಭವವನ್ನು ನೋಡಿದವರು ಇವರ ಸರ್ವಿಸ್ ಚಂದ್ರಲೋಕಕ್ಕೂ ಇದೆ ಎಂದುಕೊಳ್ಳಬೇಕು.

ಪ್ರತಿ ವರ್ಷವೂ ಅಲ್ಲಿ ಪರದೆಯ ಮೇಲೆ ಒಂದು ಗೆರೆ ಕೆಳಗಿನ ಮೂಲೆಯಿಂದ ಹೊರಟು ಮೇಲಿನ ಮೂಲೆಗೆ ಹೋಗುತ್ತದೆ. ಆ ಗೆರೆ ಕೆಳಗಿಳಿದದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ವಿಮಾನಗಳು ತುಂಬದ ವರ್ಷ ಪ್ರಯಾಣಿಕರ ಗೆರೆಯನ್ನು ಪಕ್ಕಕ್ಕಿಟ್ಟು 'ಕಸ್ಟಮರ್ ಡಿಲೈಟ್' ಎಂಬುದರ ಗೆರೆಯನ್ನು ತೋರಿಸಿದ್ದರು. ಡಿಲೈಟನ್ನು ಯಾವ ಸೇರಿನಲ್ಲಿ ಅಳೆದು ತಂದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಗ್ರಾಫ್ ಮುಗಿದ ಮೇಲೆ 'ವಿ ಆರ್ ಎ ಫ್ಯಾಮಿಲಿ' ಎಂಬ ಭಾಷಣ. ಭಾಷಣ ಮಾಡುವವರಿಗೆ ಮುಂದಿನ ಸಾಲಿನಾಚೆ ಕೂತವರಲ್ಲಿ ಒಬ್ಬರ ಹೆಸರೂ ಗೊತ್ತಿರುವುದಿಲ್ಲ. ಆಮೇಲೆ ಊಟ.

ಆ ವರ್ಷ ಊಟಕ್ಕೆ ಮೊದಲು ದೀಪ ಆರಿಸಿದರು. ವೇದಿಕೆಯ ಮೇಲೆ ಹೊಗೆ ಬಿಟ್ಟರು. ಮುಂದಿನ ಸಾಲಿನಲ್ಲಿದ್ದ ಯಾರೋ ಕೆಮ್ಮತೊಡಗಿದರು. ಹೊಗೆಯೊಳಗಿಂದ ನಮ್ಮ ಸಿಇಒ ಹೊರಬಂದು, ಎರಡೂ ತೋಳುಗಳನ್ನು ಅಗಲಿಸಿ, "ಫ್ರಮ್ ಪ್ರೊಪೆಲ್ಲರ್ಸ್ ಟು ಜೆಟ್ಸ್" ಎಂದರು. ಪರದೆಯ ಮೇಲೆ ಬಿಳಿಯ ಜೆಟ್ ವಿಮಾನವೊಂದು ಮೂಡಿತು. ಮೈಯುದ್ದಕ್ಕೂ ಒಂದು ಕೆಂಪು ಪಟ್ಟಿ. ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆಮೇಲಿನ ಸ್ಲೈಡಿನಲ್ಲಿ ಸಣ್ಣ ಅಕ್ಷರದಲ್ಲಿ 'ನೆಟ್‌ವರ್ಕ್ ರ‍್ಯಾಷನಲೈಸೇಷನ್' ಎಂದು ಬರೆದಿತ್ತು. ಅಂದರೆ ಸಣ್ಣ ಊರುಗಳನ್ನು ಕೈಬಿಡುತ್ತೇವೆ ಎಂದರ್ಥ. ಅದನ್ನು ಓದುವಷ್ಟು ಹೊತ್ತು ಯಾರಿಗೂ ಕೊಡಲಿಲ್ಲ.

ನನ್ನ ಪಕ್ಕದಲ್ಲಿ ಅಬ್ಬಿಗೆರೆಯ ಹುಡುಗಿ ಕೂತಿದ್ದಳು. ನಮ್ಮ ಗಗನಸಖಿಯರಲ್ಲೇ ಗಿಡ್ಡನೆಯವಳು. ಎಲ್ಲರಿಗಿಂತ ಜೋರಾಗಿ ಅವಳೇ ಚಪ್ಪಾಳೆ ತಟ್ಟಿದಳು. ಜೆಟ್ ಬಂದರೆ ತನ್ನ ಕೆಲಸಕ್ಕೇ ಕುತ್ತು ಎಂಬುದು ಅವಳಿಗೆ ಆಗ ಗೊತ್ತಿರಲಿಲ್ಲ.

ಎಪ್ಪತ್ತು ದಾಟಿದ ನಾನು ಈ ಸರ್ಕಸ್ಸಿನಲ್ಲಿ ಏನು ಮಾಡುತ್ತಿದ್ದೆ ಎಂಬುದನ್ನು ಹೇಳಬೇಕು. ನಾನು ಕಾನ್ವೆಂಟಿನಲ್ಲಿ ಓದಿ, ಅಂಥದೇ ಇನ್ನೊಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಆರ್.ಟಿ. ನಗರದ ಮನೆಯಲ್ಲಿ ಬಿಬಿಸಿ ಕೇಳುತ್ತಾ, ಕನ್ನಡ ವಾರಪತ್ರಿಕೆಗಳಲ್ಲಿ ತಪ್ಪು ಹುಡುಕುತ್ತಾ ಸುಖವಾಗಿದ್ದೆ. ಒಂದು ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾತ ಮನೆಗೆ ಬಂದರು. ತಣಿಸಂದ್ರದ ಹಳೆಯ ಒಕ್ಕಲು ಮನೆತನ. ಹೊಲಗಳೆಲ್ಲ ಅಪಾರ್ಟ್‌ಮೆಂಟುಗಳಾಗಿ ಎದ್ದ ಮೇಲೆ ಅವರಿಗೆ ಭೂಮಿಯ ಮೇಲೆ ಮಾಡಲು ಏನೂ ಉಳಿದಿರಲಿಲ್ಲವೋ ಏನೋ, ಆಕಾಶಕ್ಕೆ ಕೈಹಾಕಿದ್ದರು. ವಿಮಾನ ಕಂಪನಿಯ ಚೇರ್ಮನ್ ಅವರೇ.

"ಮೇಡಮ್ಮೋರೆ, ನಮ್ ಉಡ್ಗೀರು ಮೈಕಿನಾಗೆ ಇಂಗ್ಲೀಸು ಮಾತಾಡ್ತಾವೆ, ಅದು ಇಂಗ್ಲೀಸ್ನೋರ್ಗೂ ತಿಳಿಯಕಿಲ್ಲ, ನಮ್ಗೂ ತಿಳಿಯಕಿಲ್ಲ. ನೀವ್ ಒಸಿ ತಿದ್ಬೇಕು" ಎಂದರು.

ತಿದ್ದಲು ಹೋದೆ. ಯಲಹಂಕದಲ್ಲಿ ಚೇರ್ಮನ್ನರೇ ಕಟ್ಟಿಸಿದ ಕಟ್ಟಡ. ಕೆಳಗೆ ಕಮೋಡು, ವಾಶ್ ಬೇಸಿನ್ ಮಾರುವ ಅಂಗಡಿ, ಮೇಲೆ ಕಂಪನಿಯ ಆಫೀಸು, ಅದರ ಮೇಲೆ ನಮ್ಮ ಟ್ರೈನಿಂಗ್ ಹಾಲ್. ವಾರಕ್ಕೆರಡು ದಿನ ನಾನು ಅಲ್ಲಿ ಡಿಕ್ಷನ್, ಅಂದರೆ ಸ್ಪಷ್ಟ ಉಚ್ಚಾರ ಕಲಿಸುತ್ತಿದ್ದೆ. ಇಂಗ್ಲಿಷನ್ನು ತಿದ್ದುವ ನೆಪದಲ್ಲಿ ಕನ್ನಡವನ್ನೂ ತಿದ್ದಿದೆ. ಯಾರೋ ಅನುವಾದ ಮಾಡಿಕೊಟ್ಟ 'ತಮ್ಮ ಆಸನ ಪಟ್ಟಿಕೆಗಳನ್ನು ಬಂಧಿಸಿಕೊಳ್ಳಿ' ಎಂಬ ಭಯಂಕರವನ್ನು ತೆಗೆದುಹಾಕಿ 'ಬೆಲ್ಟ್ ಹಾಕಿಕೊಳ್ಳಿ' ಎಂದು ಮಾಡಿದ್ದು ನಾನೇ. ಅದನ್ನು ಅಬ್ಬಿಗೆರೆಯ ಹುಡುಗಿ ಹೇಳುವಾಗ, ಮೊದಲ ಸಲ ವಿಮಾನ ಹತ್ತಿದ ಮುದುಕರು ಮಗಳ ಮಾತು ಕೇಳಿದಂತೆ ತಟ್ಟನೆ ಬೆಲ್ಟ್ ಹಾಕಿಕೊಳ್ಳುತ್ತಿದ್ದರು.

ಆ ಹಾಲಿನಲ್ಲಿ ನನಗೊಂದು ಚಕ್ರದ ಕುರ್ಚಿ ಕೊಟ್ಟಿದ್ದರು, ಆಫೀಸುಗಳಲ್ಲಿ ಇರುತ್ತದಲ್ಲ, ಅಂಥದು. ಅದಕ್ಕೊಂದು ಕೆಟ್ಟ ಚಾಳಿ. ನಾನು ಕಾಲೂರದೆ ಕೂತರೆ ಸಾಕು, ಮೆಲ್ಲಗೆ ಹೊರಟುಬಿಡುತ್ತಿತ್ತು. ಯಾವಾಗಲೂ ಒಂದೇ ದಿಕ್ಕಿಗೆ, ಗಣಪತಿಯ ಫೋಟೋ ತೂಗುಹಾಕಿದ್ದ ಆ ದೂರದ ಮೂಲೆಗೆ. ನೆಲ ಒರೆಸಿದ ನೀರೂ ಅಲ್ಲಿಗೇ ಹೋಗುತ್ತಿತ್ತು. ಹುಡುಗಿಯರು ಇದಕ್ಕೊಂದು ಏರ್ಪಾಟು ಮಾಡಿಕೊಂಡಿದ್ದರು. ಪಾಠದ ಹೊತ್ತಿಗೆ ಒಬ್ಬಳು ನನ್ನ ಹಿಂದೆ ನಿಂತು ಚಕ್ರಕ್ಕೆ ಪಾದ ಅಡ್ಡ ಇಟ್ಟುಕೊಳ್ಳಬೇಕು. ಆ ಡ್ಯೂಟಿಗೆ 'ಬ್ರೇಕ್' ಎಂದು ಹೆಸರು. "ಇವತ್ತು ಬ್ರೇಕ್ ಯಾರ್ರೇ?" ಎಂದು ಕೇಳಿಕೊಂಡೇ ಒಳಗೆ ಬರುತ್ತಿದ್ದರು. ಹೆಚ್ಚಾಗಿ ಅಬ್ಬಿಗೆರೆಯವಳೇ ಬ್ರೇಕ್. "ನಾನ್ ನಿಂತ್ರೂ ಹಿಂದಿನೋರ್ಗೆ ಬೋರ್ಡ್ ಕಾಣುತ್ತೆ, ಅದಕ್ಕೇ ಮಿಸ್" ಎನ್ನುತ್ತಿದ್ದಳು.

ಗಿಡ್ಡತನ ಅವಳಿಗೆ ಅವಮಾನವಾಗಿರಲಿಲ್ಲ. ಕೆಲಸ ಸಿಕ್ಕಿದ್ದೇ ಅದರಿಂದ. ಆ ಪ್ರೊಪೆಲ್ಲರ್ ವಿಮಾನದ ಒಳಮೈ ತಗ್ಗು. ಎತ್ತರದ ಹುಡುಗಿಯೊಬ್ಬಳು ಕೂದಲನ್ನು ಮೇಲೆ ಗಂಟು ಹಾಕಿ, ಹೀಲ್ಸ್ ಮೆಟ್ಟಿ ನಿಂತರೆ ತಲೆ ಚಾವಣಿಗೆ ತಾಗುತ್ತಿತ್ತು. ಅದೊಂದೇ ಕಾರಣವೂ ಅಲ್ಲ. ಗಿಡ್ಡ ಹುಡುಗಿಯರು ನಿಂತರೆ ಫೋಟೋದಲ್ಲಿ ವಿಮಾನ ದೊಡ್ಡದಾಗಿ ಕಾಣುತ್ತದೆ ಎಂದು ಮಾರ್ಕೆಟಿಂಗಿನ ಜಾಣನೊಬ್ಬ ಕಂಡುಹಿಡಿದಿದ್ದ. ಹಾಗಾಗಿ ಇಂಟರ್‌ವ್ಯೂಗೆ ಬಂದ ಎತ್ತರದವರನ್ನೆಲ್ಲ ಸಾರಿ ಹೇಳಿ ಕಳಿಸಿ, ಅಬ್ಬಿಗೆರೆ, ಅಮೃತಹಳ್ಳಿ, ಜಕ್ಕೂರಿನ ಪುಟ್ಟ ಪುಟ್ಟ ಹುಡುಗಿಯರನ್ನು ಆರಿಸಿದ್ದರು. ಅವರ ಎದೆಯ ಮೇಲೆ ಚಿನ್ನದ ಬಣ್ಣದ ರೆಕ್ಕೆಯ ಬ್ಯಾಡ್ಜು. ಅಬ್ಬಿಗೆರೆಯವಳು ಮನೆಗೆ ಹೋಗುವಾಗಲೂ ಅದನ್ನು ತೆಗೆಯುತ್ತಿರಲಿಲ್ಲ. ಬಿಎಂಟಿಸಿ ಬಸ್ಸಿನಲ್ಲಿ ಕಂಡಕ್ಟರ್ ಅದನ್ನು ನೋಡಿ "ಏನಮ್ಮ, ಪೈಲಟ್ಟಾ?" ಎಂದು ಕೇಳಿದ್ದನಂತೆ. ಇಳಿಯುವ ತನಕ ಅವಳು ಇಲ್ಲ ಎನ್ನಲಿಲ್ಲವಂತೆ.

ಜೆಟ್ಟಿನ ಭಾಷಣವಾದ ಸ್ವಲ್ಪ ದಿನಕ್ಕೆ ಸುತ್ತೋಲೆ ಬಂತು. ಜೆಟ್ಟಿನ ಚಾವಣಿ ಎತ್ತರ. ತಲೆಯ ಮೇಲಿನ ಲಾಕರಿನಲ್ಲಿ ಆಕ್ಸಿಜನ್ ಬಾಟಲಿ, ಬೆಂಕಿ ಆರಿಸುವ ಸಿಲಿಂಡರ್ ಇರುತ್ತವೆ. ಅವು ಕೈಗೆ ಎಟುಕದವರು ಜೆಟ್ಟಿನಲ್ಲಿ ಕೆಲಸ ಮಾಡುವಂತಿಲ್ಲ. ಗೋಡೆಯ ಮೇಲೆ ಗೊತ್ತು ಮಾಡಿದ ಎತ್ತರದಲ್ಲಿ ಗೆರೆ ಎಳೆಯುತ್ತಾರೆ. ಬರಿಗಾಲಿನಲ್ಲಿ, ಬೇಕಾದರೆ ತುದಿಗಾಲಲ್ಲಿ ನಿಂತು, ಬೆರಳ ತುದಿಯಿಂದ ಅದನ್ನು ಮುಟ್ಟಬೇಕು. ಮುಟ್ಟದವರು ರೆಕ್ಕೆಯ ಬ್ಯಾಡ್ಜ್ ಕೊಟ್ಟು ಹೋಗಬೇಕು.

ನಿಯಮ ತಪ್ಪೆಂದು ನಾನು ಹೇಳುವುದಿಲ್ಲ. ವಿಮಾನದಲ್ಲಿ ಹೊಗೆ ತುಂಬಿದಾಗ ಸಿಲಿಂಡರ್ ಎಟುಕಲೇಬೇಕು. ನನ್ನ ತಕರಾರು ಇದ್ದದ್ದು, ಗಿಡ್ಡವರೆಂದೇ ಆರಿಸಿಕೊಂಡು ಬಂದವರನ್ನು ಗಿಡ್ಡವರೆಂದೇ ಹೊರಗೆ ಹಾಕುವಾಗ ಒಬ್ಬನಿಗಾದರೂ ಮುಖ ಚಿಕ್ಕದಾಗಲಿಲ್ಲವಲ್ಲ ಎಂಬುದಕ್ಕೆ. ನೆಲದ ಮೇಲಿನ ಕೆಲಸಗಳೇನಾದರೂ ಕೊಡಬಹುದಲ್ಲ ಎಂದು ಕೇಳಿದೆ. "ಮ್ಯಾಮ್, ಹೆಡ್‌ಕೌಂಟ್ ಫ್ರೀಜ್ ಆಗಿದೆ" ಎಂದರು ಸಿಇಒ, ಅಂದರೆ ಹೊಸ ಹುದ್ದೆಗಳಿಲ್ಲ ಎಂದು. ಅವರು ಮಲ್ಲೇಶ್ವರದಲ್ಲೇ ಹುಟ್ಟಿದವರು. ಕನ್ನಡ ಚೆನ್ನಾಗಿ ಬರುತ್ತಿತ್ತು. ಅದನ್ನು ಬಾಡಿಗೆಗೆ ತಂದ ಕೋಟಿನಂತೆ, ಎಲ್ಲಿ ಹರಿಯುತ್ತದೋ ಎಂಬ ಹಾಗೆ ಬಳಸುತ್ತಿದ್ದರು.

ಆ ಗೆರೆಯನ್ನು ಎಳೆದ ದಿನ ನಾನು ಹಾಲಿನಲ್ಲೇ ಇದ್ದೆ. ಬರೀ ಗೆರೆಯಾದರೆ ಸಾಲದು, ಜೆಟ್ಟಿನ ಮೈಮೇಲಿನ ಕೆಂಪು ಪಟ್ಟಿಯೇ ಹಾಲಿನ ನಾಲ್ಕೂ ಗೋಡೆಗಳ ಮೇಲೆ ಸುತ್ತಿ ಬರಬೇಕು, ಅದರ ಕೆಳಅಂಚೇ ಅಳತೆಯ ಗೆರೆ ಆಗಬೇಕು ಎಂದು ಸಿಇಒ ಅಪ್ಪಣೆಯಾಗಿತ್ತು. ಅದಕ್ಕೆ 'ವಿಷುಯಲ್ ಇಂಪ್ಯಾಕ್ಟ್' ಎಂದು ಹೆಸರು. ಪೇಂಟಿನವರು ಬಂದು ಬಾಗಿಲ ಪಕ್ಕದಲ್ಲಿ ಟೇಪು ಹಿಡಿದು ನೆಲದಿಂದ ಅಳೆದು ಗುರುತು ಹಾಕಿದರು. ಆಮೇಲೆ ಉದ್ದನೆಯ ಪ್ಲಾಸ್ಟಿಕ್ ಟ್ಯೂಬಿನಲ್ಲಿ ನೀರು ತುಂಬಿ, ನೀರಿನ ಮಟ್ಟ ನೋಡಿಕೊಂಡು ಆ ಗುರುತನ್ನು ಗೋಡೆಯುದ್ದಕ್ಕೂ ಸಾಗಿಸಿ, ಎಲ್ಲೂ ಕೂದಲೆಳೆಯಷ್ಟು ಓರೆಯಾಗದಂತೆ ಪಟ್ಟಿ ಬಳಿದರು. ಅಚ್ಚುಕಟ್ಟಾದ ಕೆಲಸ. ಪಟ್ಟಿಯ ಮೇಲೆ 'ರೀಚ್ ಹೈಯರ್' ಎಂದು ಬೇರೆ ಬರೆಸಿದರು.

ಟೆಸ್ಟನ್ನು ಮಾತ್ರ ಬಾಗಿಲ ಹತ್ತಿರ ಮಾಡಲಿಲ್ಲ. ಒಳ್ಳೆಯ ಕೆಲಸವೇನಿದ್ದರೂ ಈಶಾನ್ಯದಲ್ಲಿ ಆಗಬೇಕು ಎಂಬುದು ಚೇರ್ಮನ್ನರ ಕಟ್ಟಡದ ಕಾನೂನು. ಇಂಟರ್‌ವ್ಯೂ ಅಲ್ಲೇ, ಬ್ಯಾಡ್ಜ್ ಕೊಡುವುದು ಅಲ್ಲೇ, ಕೇಕ್ ಕತ್ತರಿಸುವುದೂ ಅಲ್ಲೇ. ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಆ ಗಣಪತಿಯ ಮೂಲೆಗೆ ಕರೆದು ಗೋಡೆಗೆ ನಿಲ್ಲಿಸಿದರು. ಕೆಲವರು ಮುಟ್ಟಿದರು. ಕೆಲವರಿಗೆ ಎಟುಕಲಿಲ್ಲ. ಎಟುಕದವರಲ್ಲಿ ಅಬ್ಬಿಗೆರೆಯವಳೂ ಒಬ್ಬಳು. ಅವಳ ಬೆರಳಿಗೂ ಕೆಂಪು ಪಟ್ಟಿಗೂ ನಡುವೆ ಒಂದು ತೆಳ್ಳನೆಯ ಬಳೆ ಹಿಡಿಸುವಷ್ಟು ಜಾಗ ಉಳಿಯಿತು.

ಬೇಕಾದವರು ತಿಂಗಳು ಬಿಟ್ಟು ಇನ್ನೊಮ್ಮೆ ಪ್ರಯತ್ನಿಸಬಹುದು ಎಂದರು. ಎಟುಕದ ಉಳಿದವರು "ಕೈ ಬೆಳೆಯೋ ವಯಸ್ಸು ಮುಗೀತಲ್ಲ ಮಿಸ್" ಎಂದು ನಗುತ್ತಲೇ ಬ್ಯಾಡ್ಜುಗಳನ್ನು ಕ್ಯಾಂಟೀನಿನ ಸ್ಟೀಲ್ ತಟ್ಟೆಯಲ್ಲಿ ಹಾಕಿ ಹೊರಟುಹೋದರು. ಇನ್ನೊಮ್ಮೆ ನಿಲ್ಲುತ್ತೇನೆ ಎಂದವಳು ಅಬ್ಬಿಗೆರೆಯವಳೊಬ್ಬಳೇ.

ಆ ತಿಂಗಳು ಅವಳ ಕೈಗೆ ಬಂದ ಕಷ್ಟ ಹೇಳತೀರದು. ಪಾರ್ಕಿನ ಕಂಬಿಗೆ ಜೋತುಬಿದ್ದಳು. ಸಹಕಾರನಗರದ ಯೋಗದವರೊಬ್ಬರ ಹತ್ತಿರ ಹೋಗಿ ತಾಡಾಸನ ಕಲಿತಳು. ಮನೆಯಲ್ಲಿ ಅವಳಜ್ಜಿಯಿಂದ ಭುಜಕ್ಕೆ ಎಣ್ಣೆ ತಿಕ್ಕಿಸಿಕೊಂಡು ಎಳೆಸಿಕೊಂಡಳು. ಒಂದು ಭಾನುವಾರ ನಾನು ಅವರ ಮನೆಗೆ ಹೋಗಿದ್ದಾಗ ಈ ಎಳೆದಾಟ ನಡೆಯುತ್ತಿತ್ತು.

"ನೋಡಿ ಮೇಡಮ್ಮ, ಇಂಗೆ ಎಳುದ್ರೆ ಕೈ ಉದ್ದಾಯ್ತದಂತೆ" ಎಂದರು ಅಜ್ಜಿ, ಮೊಮ್ಮಗಳ ಮಣಿಕಟ್ಟು ಬಿಡದೆ. "ಅಂಗಾಗಿದ್ರೆ ಬಾವೀಲಿ ನೀರ್ ಸೇದಿದ್ ನನ್ ಕೈ ಇಸ್ಟೊತ್ಗೆ ಮಾಗಡಿ ಮುಟ್ಬೇಕಾಗಿತ್ತು."

"ಅಜ್ಜೀ, ಮಾತಾಡ್ದೆ ಎಳಿ" ಎಂದಳು ಹುಡುಗಿ.

"ಎಳೀತೀನವ್ವ. ಕೈ ಕಿತ್ ಬಂದ್ರೆ ಆ ಕಂಪ್ನಿಗೇ ಕೊಡು, ಅವ್ರೇ ಎಲ್ಲಿಗ್ ಬೇಕೋ ಅಲ್ಲಿಗ್ ಮುಟ್ಟಿಸ್ಕಳ್ಲಿ."

ಹುಡುಗಿ ನಕ್ಕಳು. ಆಮೇಲೆ ನನ್ನನ್ನು ಬಸ್ಸು ಹತ್ತಿಸಲು ಬಂದಳು. ಸ್ಟಾಪಿನಲ್ಲಿ ನಿಂತು ಕೇಳಿದಳು: "ಮಿಸ್, ನಾನ್ ಗಿಡ್ಡ ಅಂತಾನೇ ತಾನೆ ಇವ್ರು ತಗೊಂಡಿದ್ದು? ಅವತ್ತು ಕರೆಕ್ಟಾಗಿದ್ದೋಳು ಇವತ್ತು ಹೆಂಗ್ ಕಮ್ಮಿ ಆದೆ?"  ಅಷ್ಟರಲ್ಲಿ ಬಸ್ಸು ಬಂತು, ನಾನು ಹತ್ತಿದೆ.

ಮುಂದಿನ ವಾರ ಹಾಲಿನಲ್ಲಿ ಹೊಸ ಹುಡುಗಿಯರು ಕೂತಿದ್ದರು. ಜೆಟ್ಟಿಗೆಂದೇ ಆರಿಸಿ ತಂದವರು, ಎಲ್ಲರೂ ನೀಲಗಿರಿ ಮರಗಳಂತೆ ಉದ್ದ. ಬ್ರೇಕ್ ಡ್ಯೂಟಿಯ ವಿಷಯ ಅವರಿಗೆ ಯಾರು ಹೇಳಿರುತ್ತಾರೆ? ನಾನು ವವೆಲ್‌ಗಳ ಉಚ್ಚಾರ ಹೇಳುತ್ತಾ ಮೈಮರೆತಿದ್ದೆ. ಕುರ್ಚಿ ನನ್ನನ್ನು ಹೊತ್ತುಕೊಂಡು ಹಾಲಿನುದ್ದಕ್ಕೂ ಸಾಗಿ, ಗಣಪತಿಯ ಕೆಳಗೆ ಗೋಡೆಗೆ ಡಿಕ್ಕಿ ಹೊಡೆದು ನಿಂತಿತು. ಉದ್ದ ಹುಡುಗಿಯರು ಮರ್ಯಾದೆಯಿಂದ ನಗು ನುಂಗಿಕೊಂಡರು. ನಾನು ತಲೆಯೆತ್ತಿದೆ. ಕೆಂಪು ಪಟ್ಟಿ ಬಹಳ ಮೇಲಿದೆ ಎನಿಸಿತು. ಬಾಗಿಲ ಹತ್ತಿರ ಅದು ಅಷ್ಟು ಮೇಲಿರಲಿಲ್ಲ.

ಆಗ ನನಗೆ ನೆನಪಾದದ್ದು ನಮ್ಮ ಕಾನ್ವೆಂಟಿನ ವರಾಂಡ. ಸ್ಕರ್ಟುಗಳು ಮೇಲೇರುತ್ತಿದ್ದ ಫ್ಯಾಷನ್ನಿನ ಕಾಲ. ನಮ್ಮ ಸಿಸ್ಟರ್ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸುತ್ತಿದ್ದರು. ಯಾರ ಸ್ಕರ್ಟಿನ ಅಂಚು ಗೆರೆಗಿಂತ ಮೇಲಿದೆಯೋ ಅವರಿಗೆ ಶಿಕ್ಷೆ. ಮಳೆನೀರು ಹರಿದುಹೋಗಲೆಂದು ಆ ವರಾಂಡದ ನೆಲ ಮೋರಿಯ ಕಡೆಗೆ ಇಳಿಜಾರಾಗಿತ್ತು. ಆದ್ದರಿಂದ ತುಂಡು ಸ್ಕರ್ಟಿನ ಚೆಲುವೆಯರೆಲ್ಲ ಮೋರಿಯ ಪಕ್ಕ ನಿಲ್ಲಲು ಕಿತ್ತಾಡುತ್ತಿದ್ದರು. ಅಲ್ಲಿ ನೆಲ ತಗ್ಗು. ನಿಂತವಳು ತಗ್ಗುತ್ತಾಳೆ, ಅವಳೊಂದಿಗೆ ಸ್ಕರ್ಟೂ ತಗ್ಗುತ್ತದೆ, ಗೆರೆ ಮಾತ್ರ ಇದ್ದಲ್ಲೇ ಇರುತ್ತದೆ. ಪಾಪದ ಸಿಸ್ಟರಿಗೆ ಕೊನೆಯವರೆಗೂ ಇದು ತಿಳಿಯಲಿಲ್ಲ. ಹೊಲಿಗೆಯಲ್ಲಿ, ಹಾಡಿನಲ್ಲಿ, ಪ್ರಾರ್ಥನೆಯಲ್ಲಿ ಅವರು ಕಲಿಸಿದ್ದೆಲ್ಲ ಮರೆತುಹೋಗಿ ಈ ಮೋರಿಯ ಪಕ್ಕದ ವಿದ್ಯೆ ಮಾತ್ರ ಮುದಿವಯಸ್ಸಿನ ತನಕ ನನ್ನ ಜೊತೆ ಬಂದಿತ್ತು.

ಇಲ್ಲೂ ಅದೇ. ಗೆರೆ ಮಟ್ಟವಾಗಿದೆ, ನೆಲ ಮಟ್ಟವಾಗಿಲ್ಲ. ಬಾಗಿಲ ಹತ್ತಿರ ಸರಿಯಾಗಿ ಅಳೆದ ಎತ್ತರ, ನೆಲ ಇಳಿದುಹೋಗುವ ಆ ಮೂಲೆಯಲ್ಲಿ ನಿಯಮಕ್ಕಿಂತ ಹೆಚ್ಚಾಗಿಬಿಟ್ಟಿದೆ. ನಮ್ಮ ಹುಡುಗಿಯರನ್ನು ಹಳ್ಳದಲ್ಲಿ ನಿಲ್ಲಿಸಿ, ಎಟುಕಲಿಲ್ಲ ಎಂದು ಬರೆದುಕೊಂಡಿದ್ದಾರೆ.

ನೇರವಾಗಿ ಸಿಇಒ ಕೋಣೆಗೆ ಹೋಗಿ ಹೇಳಿದೆ. ಅವರು ನಾನು ಹೇಳುವುದನ್ನೆಲ್ಲ ಕೇಳಿ, ಪೆನ್ನಿನ ಮುಚ್ಚಳ ತೆಗೆದು ಹಾಕಿ, "ಮ್ಯಾಮ್, ಇಟ್ ಕುಡ್ ಬಿ ಆನ್ ಆಪ್ಟಿಕಲ್ ಇಲ್ಯೂಷನ್" ಎಂದರು.

"ನನ್ನ ಕುರ್ಚಿಗೂ ಇಲ್ಯೂಷನ್ನೇ?"

"ನೋಡಿ ಮ್ಯಾಮ್. ಈ ಬಿಲ್ಡಿಂಗ್ ಚೇರ್ಮನ್ ಸರ್ ಕಟ್ಟಿಸಿದ್ದು. ಅವರ ಫ್ಲೋರ್ ಸೊಟ್ಟಗಿದೆ ಅಂತ ನಾನು ಹೇಗೆ ರಿಪೋರ್ಟ್ ಮಾಡ್ಲಿ?"

ಆಗ ಅರ್ಥವಾಯಿತು. ಆಫೀಸಿನಲ್ಲಿ ಇದು ಗೊತ್ತಿಲ್ಲದವರು ಯಾರೂ ಇರಲಿಲ್ಲ. ನೆಲ ಒರೆಸುವವರಿಗೆ ಗೊತ್ತು, ಪೆನ್ಸಿಲ್ ಬೀಳಿಸಿಕೊಂಡ ಪ್ರತಿಯೊಬ್ಬರಿಗೂ ಗೊತ್ತು. ಆಕಾಶದಲ್ಲಿ ವಿಮಾನ ಎಷ್ಟು ಡಿಗ್ರಿ ವಾಲಿದೆ ಎಂದು ನೋಡಿ ಹೇಳುವ ಪೈಲಟ್ಟುಗಳು ಅದೇ ಹಾಲಿನಲ್ಲಿ ಕೂತು ಕಾಫಿ ಕುಡಿದು ಹೋಗಿದ್ದಾರೆ. ಸೊಟ್ಟ ಎಂಬ ಮಾತನ್ನು ಚೇರ್ಮನ್ನರ ಎದುರು ಎತ್ತುವ ಗಂಡಸು ಮಾತ್ರ ಅಲ್ಲಿ ಇರಲಿಲ್ಲ. ಇಂಥವರು ಜೆಟ್ ಹಾರಿಸಲು ಹೊರಟಿದ್ದರು.

ಎರಡನೆಯ ಟೆಸ್ಟಿನ ದಿನ ಚೇರ್ಮನ್ನರೂ ಬಂದಿದ್ದರು. ಟೆಸ್ಟಿಗಾಗಿ ಅಲ್ಲ, ಹೊಸ ಹುಡುಗಿಯರಿಗೆ ಬ್ಯಾಡ್ಜ್ ಕೊಟ್ಟು ಫೋಟೋ ತೆಗೆಸಿಕೊಳ್ಳಲು. ಬಿಳಿ ಪಂಚೆ, ಬಿಳಿ ಶರ್ಟು, ಕೈಯಲ್ಲೊಂದು ನಿಂಬೆಹಣ್ಣು. ಹಾಲಿನ ನಡುವೆ ಹಾಕಿದ್ದ ಸೋಫಾದಲ್ಲಿ ಕೂತರು. ನಾನು ಬಾಗಿಲ ಹತ್ತಿರ ನನ್ನ ಕುರ್ಚಿಯಲ್ಲಿ ಎರಡೂ ಪಾದಗಳನ್ನು ನೆಲಕ್ಕೆ ಒತ್ತಿಹಿಡಿದು ಕೂತಿದ್ದೆ.

ಅಬ್ಬಿಗೆರೆಯವಳು ಮೂಲೆಗೆ ಹೋಗಿ, ಶೂ ಬಿಚ್ಚಿ, ಗೋಡೆಗೆ ಮುಖ ಮಾಡಿ ನಿಂತಳು. ತುದಿಗಾಲಲ್ಲಿ ಎದ್ದಳು. ಮೀನಖಂಡಗಳು ನಡುಗುವುದು ನನಗೆ ಅಷ್ಟು ದೂರದಿಂದಲೂ ಕಾಣುತ್ತಿತ್ತು. ತಿಂಗಳಿಡೀ ಜೋತುಬಿದ್ದದ್ದೂ ಎಣ್ಣೆ ತಿಕ್ಕಿಸಿಕೊಂಡದ್ದೂ ಪೂರಾ ದಂಡವಾಗಿರಲಿಲ್ಲ. ಬಳೆಯಷ್ಟಿದ್ದ ಅಂತರ ಉಗುರಿನ ದಪ್ಪದಷ್ಟಾಗಿತ್ತು. ಆದರೆ ಉಗುರಿನಷ್ಟು ಇತ್ತು.

"ಸಾರಿ" ಎಂದಳು ಎಚ್.ಆರ್. ಹುಡುಗಿ. ಸ್ಟೀಲ್ ತಟ್ಟೆ ಮುಂದೆ ಬಂತು. ಅಬ್ಬಿಗೆರೆಯವಳ ಕೈ ಎದೆಯ ಮೇಲಿನ ರೆಕ್ಕೆಗೆ ಹೋಯಿತು.

ನಾನು ಪಾದಗಳನ್ನು ಮೇಲಕ್ಕೆತ್ತಿದೆ.

ಕುರ್ಚಿ ಮೊದಲು ಯೋಚಿಸುವಂತೆ ಸ್ವಲ್ಪ ಅಲುಗಿತು. ಆಮೇಲೆ ಹೊರಟಿತು. ಚೇರ್ಮನ್ನರ ಸೋಫಾವನ್ನು ಹಾದು, ಬಾಯಿ ತೆರೆದು ನಿಂತ ಸಿಇಒ ಅವರನ್ನು ಹಾದು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ರಾಣಿಯಂತೆ ಕೂತ ನನ್ನನ್ನು ಹೊತ್ತುಕೊಂಡು, ನೇರ ಹೋಗಿ ಆ ಹುಡುಗಿಯ ಪಾದದ ಹತ್ತಿರ ನಿಂತಿತು. ಅವಳು ಅಭ್ಯಾಸಬಲದಿಂದ ಚಕ್ರಕ್ಕೆ ಕಾಲು ಅಡ್ಡ ಇಟ್ಟಳು.

"ಇದೇನ್ ಮೇಡಮ್ಮೋರೆ, ಈ ವಯಸ್ಸಲ್ಲಿ ಜಾರ್‌ಬಂಡೆ ಆಟ?" ಎಂದರು ಚೇರ್ಮನ್ನರು.

"ನಾನಲ್ಲ ಸರ್, ಕುರ್ಚಿ. ನಿಮ್ಮ ನೆಲ ಇಲ್ಲಿ ಸರಿಯಾಗಿ ಕೂತಿಲ್ಲ ಅನ್ಸುತ್ತೆ. ಮೇಸ್ತ್ರಿ ಮೋಸ ಮಾಡಿರ್ಬೇಕು."

ಸಿಇಒ ಕಣ್ಣು ಮುಚ್ಚಿಕೊಂಡರು. ಚೇರ್ಮನ್ನರು ಎದ್ದೇ ಬಂದರು.

"ಮೇಸ್ತ್ರಿ ಮೋಸವ? ನಾನ್ ಖುದ್ದಾಗ್ ನಿಂತ್ಕಂಡು ಮಾಡ್ಸಿರೋ ನೆಲ ಇದು. ಈಸಾನ್ಯ ತಗ್ಗಿರ್ಬೇಕು, ನೈರುತ್ಯ ಎತ್ರ ಇರ್ಬೇಕು. ವಾಸ್ತು ಅಂದ್ರೆ ಅದೇಯ. ಮೇಸ್ತ್ರಿ ಒಂದಿಂಚು ಸಾಕು ಅಂದ. ಓಗ್ಲಿ ಇನ್ನೊಂದಿಂಚು ಇಳ್ಸು ಅಂತ ನಾನೇ ಏಳ್ದೆ. ಒಂದ್ ತೊಟ್ಟು ನೀರ್ ಬಿಟ್ರೆ ಇಲ್ಲಿಗೇ ಬರ್ಬೇಕು, ಅಂಗ್ ಮಾಡ್ಸಿವ್ನಿ."

"ಹಾಗಾದ್ರೆ ಬಾಗಿಲ ಹತ್ರ ನೆಲ ಮೇಲಿದೆ, ಇಲ್ಲಿ ಕೆಳಗಿದೆ."

"ಮತ್ತೆ?"

"ಅಳತೆ ಹಿಡಿದದ್ದು ಬಾಗಿಲ ಹತ್ರ ಸರ್. ನಿಲ್ಸಿರೋದು ಇಲ್ಲಿ."

ಚೇರ್ಮನ್ನರು ಗೋಡೆ ನೋಡಿದರು, ನೆಲ ನೋಡಿದರು, ಹುಡುಗಿಯ ಬರಿಗಾಲನ್ನು ನೋಡಿದರು. ಹೊಲದ ಬದುಗಳನ್ನು ಕಣ್ಣಳತೆಯಲ್ಲೇ ನೋಡಿ ಬೆಳೆದ ಮನುಷ್ಯ. ಬಹಳ ಹೊತ್ತು ಹಿಡಿಯಲಿಲ್ಲ.

"ಏನ್ರೀ ಸಿಇಒ ಸಾಯೇಬ್ರೆ," ಎಂದರು, "ಗುಂಡೀಲಿ ನಿಲ್ಸಿ ಮಾವಿನ್‌ಕಾಯಿ ಕೀಳು ಅಂದಂಗಾಯ್ತಲ್ರೀ ಇದು."

"ಸರ್, ಪ್ರೋಟೋಕಾಲ್ ಪ್ರಕಾರ ವೆನ್ಯೂ ಚೇಂಜ್ ಮಾಡೋಕೆ..."

"ಬಾಗ್ಲ ತಾವ ನಿಲ್ಸಿ ಸುಮ್ಕೆ."

ಬಾಗಿಲ ಹತ್ತಿರ ನಿಲ್ಲಿಸಿದರು. ಅವಳು ತುದಿಗಾಲಲ್ಲಿ ಎದ್ದು ಕೈ ಚಾಚಿದಳು. ಬೆರಳ ತುದಿಗಳು ಕೆಂಪು ಪಟ್ಟಿಯ ಅಂಚನ್ನು ದಾಟಿ ಒಳಗೆ ಹೋದವು. ಅವಳು ಕೈ ಇಳಿಸಲಿಲ್ಲ. ಯಾರಾದರೂ ನೋಡದೆ ಬಿಟ್ಟಿದ್ದರೆ ಎಂಬಂತೆ ಹಾಗೇ ನಿಂತಿದ್ದಳು. "ಸಾಕು ಇಳ್ಸವ್ವ, ಕಂಡ್ವಿ" ಎಂದು ಚೇರ್ಮನ್ನರು ಹೇಳಿದ ಮೇಲೆ ಇಳಿಸಿದಳು. ಉದ್ದ ಹುಡುಗಿಯರು ಚಪ್ಪಾಳೆ ತಟ್ಟಿದರು. ಮೊದಲ ಸಲ ಅವರು ನನಗೆ ಇಷ್ಟವಾದರು.

ಇಲ್ಲಿಗೆ ನಿಲ್ಲಿಸಿದರೆ ಎಲ್ಲರಿಗೂ ಸಂತೋಷ. ಆದರೆ ಆ ಮೂಲೆಯಲ್ಲಿ ನಿಂತು ಸೋತು ಹೋದವರು ಅವಳೊಬ್ಬಳೇ ಅಲ್ಲವಲ್ಲ. ಅವರನ್ನೂ ಕರೆಸಿ ಬಾಗಿಲ ಹತ್ತಿರ ನಿಲ್ಲಿಸಿ ಎಂದು ಅಲ್ಲೇ ಹೇಳಿದೆ. ಚೇರ್ಮನ್ನರು ಆಗಲೇ ಫೋಟೋಗೆ ನಿಂತಿದ್ದರು. "ನೋಡಣ ಮೇಡಮ್ಮೋರೆ" ಎಂದರು. ಸಿಇಒ ನನ್ನನ್ನು ಪಕ್ಕಕ್ಕೆ ಕರೆದು, "ದೇ ಹ್ಯಾವ್ ಮೂವ್ಡ್ ಆನ್, ಮ್ಯಾಮ್" ಎಂದರು. ಅಬ್ಬಿಗೆರೆಯವಳು ಹಳೆಯ ಗುಂಪಿನ ವಾಟ್ಸಾಪಿನಲ್ಲಿ 'ಬಾಗಿಲ ಹತ್ರ ಅಳೀತಾರೆ, ಬನ್ರೇ' ಎಂದು ಹಾಕಿದಳು. ಅಮೃತಹಳ್ಳಿಯವಳೊಬ್ಬಳು ಆಟೋ ಹಿಡಿದು ಓಡಿಬಂದಳು. ರಿಸೆಪ್ಷನ್ನಿನಲ್ಲಿ ಮಧ್ಯಾಹ್ನವಿಡೀ ಕೂರಿಸಿ, 'ವಿಂಡೋ ಈಸ್ ಕ್ಲೋಸ್ಡ್', ಅಂದರೆ ಟೆಸ್ಟಿನ ಅವಧಿ ಮುಗಿಯಿತು ಎಂದು ಕಳಿಸಿದರು. ಹೊರಗೆ ಫುಟ್‌ಪಾತಿನಲ್ಲಿ ಅವಳು ನನಗೆ ಹೇಳಿದ್ದು ಇಷ್ಟೆ: "ಪರ್ವಾಗಿಲ್ಲ ಮಿಸ್. ಅವಳೇ ಮುಟ್ಟಿದ್ಮೇಲೆ ನಾನ್ ಗಿಡ್ಡ ಅಲ್ಲ ಅಂತ ಗೊತ್ತಾಯ್ತಲ್ಲ." ಈಗ ಮಾಲ್ ಒಂದರಲ್ಲಿ ಸೆಂಟು ಮಾರುತ್ತಾಳೆ.

ಮುಂದಿನ ವರ್ಷದ ಸಭೆಯಲ್ಲಿ ಗೆರೆ ಎಂದಿನಂತೆ ಮೇಲೇರಿತು. ಹೊಗೆ ಬಂತು. ಪರದೆಯ ತುಂಬಾ ಅಬ್ಬಿಗೆರೆಯ ಹುಡುಗಿಯ ಫೋಟೋ, ಜೆಟ್ಟಿನೊಳಗೆ ಲಾಕರಿಗೆ ಕೈ ಚಾಚಿ ನಿಂತದ್ದು. ಕೆಳಗೆ 'ರೀಚಿಂಗ್ ಹೈಯರ್, ಟುಗೆದರ್'. ಕಂಪನಿಯ ಮಾರ್ಗದರ್ಶನದಲ್ಲಿ ಒಬ್ಬ ಸಾಮಾನ್ಯ ಹುಡುಗಿ ತನ್ನ ಮಿತಿಯನ್ನು ಮೀರಿದ ಕಥೆಯನ್ನು ಸಿಇಒ ಗದ್ಗದ ಸ್ವರದಲ್ಲಿ ಹೇಳಿದರು. ಹೌ ವಲ್ಗರ್ ಎಂದು ನಮ್ಮ ಸಿಸ್ಟರ್ ಇದ್ದಿದ್ದರೆ ಹೇಳುತ್ತಿದ್ದರು. 'ಟುಗೆದರ್' ಎಂಬ ಮಾತು ಬಂದಾಗ ನನ್ನ ಪಕ್ಕದಲ್ಲೇ ಕೂತಿದ್ದ ಅಬ್ಬಿಗೆರೆಯವಳು ಚಪ್ಪಾಳೆ ತಟ್ಟಲಿಲ್ಲ. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದಳು.

ಜೆಟ್ಟಿನವರಿಗೆ ಡಿಕ್ಷನ್ನನ್ನು ಈಗ ಕಂಪ್ಯೂಟರಿನಲ್ಲಿ ಕಲಿಸುತ್ತಾರೆ. ನನ್ನ ಕೆಲಸ ಮುಗಿಯಿತು. ಬೀಳ್ಕೊಡುಗೆಯಾಗಿ ಒಂದು ಪುಟ್ಟ ಪ್ಲಾಸ್ಟಿಕ್ ಜೆಟ್ ಕೊಟ್ಟರು. ಈಶಾನ್ಯದ ಮೂಲೆಯಲ್ಲೇ ಕೊಟ್ಟರು.

ಈಚೆಗೆ ತಂಗಿಯ ಮನೆಗೆಂದು ಹುಬ್ಬಳ್ಳಿಗೆ ಹೊರಟಾಗ ವಿಮಾನದ ಬಾಗಿಲಲ್ಲಿ ನಿಂತಿದ್ದವಳು ಅವಳೇ. "ನಮಸ್ಕಾರ, ಒಳಗೆ ಬನ್ನಿ" ಎಂದಳು, ನಾನು ಕಲಿಸಿದ ಹಾಗೆಯೇ, ಕೊನೆಯ ಅಕ್ಷರ ನುಂಗದೆ. ನನ್ನ ಕೈಚೀಲವನ್ನು ತೆಗೆದುಕೊಂಡು ಮೇಲಿನ ಲಾಕರಿಗೆ ಇಟ್ಟು, ಮುಚ್ಚಳ ಎಳೆಯಲು ತುದಿಗಾಲಲ್ಲಿ ಎದ್ದಳು. ಹಿಮ್ಮಡಿಗಳು ಶೂನಿಂದ ಹೊರಗೆ ಬಂದವು. ರೆಕ್ಕೆಯ ಬ್ಯಾಡ್ಜು ನನ್ನ ಕಣ್ಣೆದುರೇ ಮೇಲೆ ಹೋಗಿ ಕೆಳಗೆ ಬಂತು. ಮುಚ್ಚಳ ಟಕ್ಕೆಂದಿತು.

ಅವಳು ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದಳು: "ಮಿಸ್, ಇಲ್ಲಿ ಈಶಾನ್ಯ ಯಾವ ಕಡೆ?"

"ಅದು ತಿರುಗ್ತಾನೇ ಇರುತ್ತೆ ಕಣೇ, ಹೋಗಿ ನಿನ್ನ ಕೆಲಸ ನೋಡು" ಎಂದೆ. ಅವಳು ನಗುತ್ತಾ ಮುಂದಿನ ಸಾಲಿಗೆ ಹೋದಳು. ಅಲ್ಲಿ ಮುದುಕನೊಬ್ಬ ಬೆಲ್ಟಿನ ಎರಡು ತುದಿಗಳನ್ನು ಕೈಯಲ್ಲಿ ಹಿಡಿದು ನೋಡುತ್ತಾ ಕೂತಿದ್ದ.